ಟಿಕೆಟ್ ಕೊಡಲು ಕ್ಷೇತ್ರ ಮರುವಿಂಗಡಣೆ ಏಕೆ ಬೇಕು?

2023ರ ಸೆಪ್ಟೆಂಬರ್‌ನಲ್ಲಿ ಸಂಸತ್ತು ಒಪ್ಪಿದ ಮಹಿಳಾ ಮೀಸಲಾತಿಯನ್ನು ಜನಗಣತಿ ಮತ್ತು ಕ್ಷೇತ್ರ ಮರುವಿಂಗಡಣೆಗೆ ಗಂಟುಹಾಕಿದ್ದರಿಂದ ಎಲ್ಲ ಪಕ್ಷಗಳಿಗೂ ಒಳ್ಳೆಯ ನೆಪ ಸಿಕ್ಕಿದೆ: ಕಾನೂನು ಜಾರಿಗೆ ಬರಲಿ, ಆಮೇಲೆ ನೋಡೋಣ. ಧಾರವಾಡದ ಮಟ್ಟಿಗೆ ಈ ನೆಪ ನಿಲ್ಲುವುದಿಲ್ಲ. ಕನ್ನಡಿಗರ ಉದ್ಯೋಗದ ಮಾತು ಬಂದಾಗಲೆಲ್ಲ ಸರೋಜಿನಿ ಮಹಿಷಿ ಅವರ ಹೆಸರು ಕೇಳುತ್ತದೆ. ಈ ಕುರಿತ ಅವರ ಸಮಿತಿಯ 1986ರ ವರದಿಯ 58 ಶಿಫಾರಸುಗಳು ಹೋರಾಟಗಾರರಿಗೆ ಕಂಠಪಾಠ. ಅದೇ ಮಹಿಷಿಯವರು 1962, 1967, 1971 ಮತ್ತು 1977ರಲ್ಲಿ ಧಾರವಾಡ ಉತ್ತರದಿಂದ ಲೋಕಸಭೆಗೆ ಸತತ ನಾಲ್ಕು ಬಾರಿ ಆರಿಸಿ ಬಂದರೆಂಬುದನ್ನು ಮಾತ್ರ ಯಾರೂ ಎತ್ತುವುದಿಲ್ಲ. ಅದು ಮೀಸಲು ಕ್ಷೇತ್ರವಾಗಿರಲಿಲ್ಲ. ಅಪ್ಪನದೋ ಗಂಡನದೋ ಸ್ಥಾನ ತೆರವಾಗಿ ಅವರ ಪಾಲಿಗೆ ಬಂದದ್ದೂ ಅಲ್ಲ. ಹಿಂದಿನ ಎರಡು ಅವಧಿಗೆ ಅಲ್ಲಿದ್ದವರು ಡಿ.ಪಿ. ಕರಮರಕರ. ಅಂಥ ಕ್ಷೇತ್ರವನ್ನು ಗೆದ್ದು, ಇಂದಿರಾ ಗಾಂಧಿ ಸರ್ಕಾರದಲ್ಲಿ ರಾಜ್ಯ ಸಚಿವೆಯೂ ಆದ ಮಹಿಳೆಯ ನಂತರ, 1980ರಿಂದ 2024ರವರೆಗೆ ಇಲ್ಲಿಂದ ದೆಹಲಿಗೆ ಹೋದವರೆಲ್ಲ ಪುರುಷರು.

ಇದಕ್ಕೆ ಮತದಾರರನ್ನು ದೂರುವಂತಿಲ್ಲ. 2009ರಿಂದ 2024ರವರೆಗಿನ ನಾಲ್ಕೂ ಲೋಕಸಭಾ ಚುನಾವಣೆಗಳಲ್ಲಿ ಬಿಜೆಪಿ ಮತ್ತು ಕಾಂಗ್ರೆಸ್ ಎರಡೂ ಧಾರವಾಡದಲ್ಲಿ ಪುರುಷರನ್ನೇ ನಿಲ್ಲಿಸಿದವು. ಮತಪತ್ರದಲ್ಲೇ ಇಲ್ಲದ ಹೆಸರಿಗೆ ಜನ ಎಲ್ಲಿಂದ ಮತ ಹಾಕಬೇಕು? ಹೆಸರು ಕಂಡಾಗ ಇದೇ ಜಿಲ್ಲೆಯ ಜನ 2008ರಲ್ಲಿ ಸೀಮಾ ಮಸೂತಿ ಅವರನ್ನು, 2019ರ ಕುಂದಗೋಳ ಉಪಚುನಾವಣೆಯಲ್ಲಿ ಕುಸುಮಾ ಶಿವಳ್ಳಿ ಅವರನ್ನು ವಿಧಾನಸಭೆಗೆ ಕಳಿಸಿದ್ದಾರೆ.

ಮಹಿಷಿಯವರದು ಕಾಂಗ್ರೆಸ್ ಅಲೆಯ ಗೆಲುವು ಎನ್ನುವವರಿದ್ದಾರೆ. ಇರಬಹುದು, 1971ರಲ್ಲಿ ರಾಜ್ಯದ ಎಲ್ಲ ಸ್ಥಾನಗಳೂ, 1977ರಲ್ಲಿ 28ರಲ್ಲಿ 26 ಸ್ಥಾನಗಳೂ ಕಾಂಗ್ರೆಸ್ಸಿಗೇ ಬಂದವು. ಆದರೆ ಅಲೆಯಲ್ಲಿ ಗೆದ್ದ ಪುರುಷರನ್ನು ಯಾರೂ ಹೀಗೆ ಅಳೆಯುವುದಿಲ್ಲ. 1996ರಿಂದ ಇಲ್ಲಿ ಬಿಜೆಪಿ ಸೋತೇ ಇಲ್ಲ. ಪಕ್ಷದ ಬಲವೊಂದೇ ಸಾಕೆನ್ನುವುದಾದರೆ ಇಷ್ಟು ಭದ್ರ ಕ್ಷೇತ್ರವನ್ನು ಒಮ್ಮೆಯಾದರೂ ಮಹಿಳೆಗೆ ಬಿಟ್ಟುಕೊಡಲು ಅಡ್ಡಿ ಏನಿತ್ತು? ಇನ್ನು ‘ಗೆಲ್ಲುವ ಸಾಮರ್ಥ್ಯ’ದ ಮಾತು. 2024ರಲ್ಲಿ ರಾಜ್ಯದಲ್ಲಿ ಕಾಂಗ್ರೆಸ್ ಆರು ಮಹಿಳೆಯರನ್ನು ನಿಲ್ಲಿಸಿತು, ಇಬ್ಬರು ಗೆದ್ದರು. 22 ಪುರುಷರಲ್ಲಿ ಗೆದ್ದವರು ಏಳು. ಎರಡೂ ಕಡೆ ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರು. ಬಿಜೆಪಿ ನಿಲ್ಲಿಸಿದ ಇಬ್ಬರಲ್ಲಿ ಒಬ್ಬರು ಗೆದ್ದರೆ, ಇನ್ನೊಬ್ಬರು ದಾವಣಗೆರೆಯಲ್ಲಿ ಸೋತದ್ದೂ ಮಹಿಳೆಯ ಎದುರಿಗೇ. ಗೆದ್ದವರಲ್ಲಿ ಹಲವರು ರಾಜಕೀಯ ಮನೆತನದವರು ಎಂಬ ಆಕ್ಷೇಪ ಸರಿಯೇ. ಆದರೆ ಅದು ಟಿಕೆಟ್ ಹಂಚುವವರ ಮೇಲಿನ ದೂರು. ಮನೆತನ ನೋಡಿ ಕೊಟ್ಟವರೇ ಮನೆತನವನ್ನು ಹಳಿಯುವುದು ಸಲ್ಲದು.

ಕಾನೂನೇ ಬೇಡ ಎಂದಲ್ಲ. ಮೊದಲ ಮಸೂದೆ 1996ರಲ್ಲಿ ದೇವೇಗೌಡರ ಸರ್ಕಾರದಲ್ಲೇ ಬಂತು. ಅದನ್ನು ಪರಿಶೀಲಿಸಿದ ಜಂಟಿ ಸಮಿತಿಯ ಅಧ್ಯಕ್ಷೆ ಸಿಪಿಐನ ಗೀತಾ ಮುಖರ್ಜಿ. ಅಂಗೀಕಾರಕ್ಕೆ 27 ವರ್ಷ ಹಿಡಿಯಿತು. ಹೀಗೆ ಕಾಯುವವರು ಫ್ರಾನ್ಸಿನ ಕಡೆ ನೋಡಬೇಕು. 1945ರಲ್ಲಿ ಅಲ್ಲಿನ ಸಂಸತ್ತಿಗೆ ಮೊದಲ ಬಾರಿಗೆ ಬಂದ 33 ಮಹಿಳೆಯರಲ್ಲಿ 17 ಮಂದಿ ಕಮ್ಯುನಿಸ್ಟರು. ಕಾನೂನಿನ ಒತ್ತಾಯವಿಲ್ಲದೆ ಪಕ್ಷವೊಂದು ಕೊಟ್ಟ ಟಿಕೆಟ್‌ಗಳ ಫಲ ಅದು. 2000ದಲ್ಲಿ ಸಮಾಜವಾದಿ ಪ್ರಧಾನಿ ಜೋಸ್ಪಾಂ ಸರ್ಕಾರ, ಸಮಾನ ಸಂಖ್ಯೆಯಲ್ಲಿ ಮಹಿಳೆಯರನ್ನು ನಿಲ್ಲಿಸದ ಪಕ್ಷದ ಸರ್ಕಾರಿ ಅನುದಾನ ಕಡಿತಗೊಳಿಸುವ ಕಾನೂನು ತಂದಿತು. ದೊಡ್ಡ ಪಕ್ಷಗಳು ಕಡಿತವನ್ನೇ ಒಪ್ಪಿಕೊಂಡವು. 2002ರಲ್ಲಿ ಮಹಿಳೆಯರ ಪಾಲು ಶೇ 12ರ ಆಸುಪಾಸಿನಲ್ಲೇ ಉಳಿಯಿತು. 2017ರಲ್ಲಿ ಗೆದ್ದ ಪಕ್ಷ ತನ್ನ ಟಿಕೆಟ್‌ಗಳಲ್ಲಿ ಅರ್ಧದಷ್ಟನ್ನು ಮಹಿಳೆಯರಿಗೆ ಕೊಟ್ಟಾಗ ಅದು ಶೇ 39ರ ಹತ್ತಿರಕ್ಕೆ ಏರಿತು.

ನಮ್ಮ 28 ಸಂಸದರಲ್ಲಿ ಮಹಿಳೆಯರು ಮೂವರು. ಈ ಲೆಕ್ಕ ಬದಲಾಗಲು ಗಡಿ ರೇಖೆಗಳು ಬದಲಾಗಬೇಕಿಲ್ಲ, ‘ಬಿ’ ಫಾರಂ ಮೇಲಿನ ಹೆಸರು ಬದಲಾದರೆ ಸಾಕು. ಮಹಿಷಿ ವರದಿ ಜಾರಿಯಾಗಲಿ ಎನ್ನುವ ನಾಯಕರು 2029ಕ್ಕೆ ಧಾರವಾಡದಿಂದ ಮಹಿಳೆಯನ್ನು ನಿಲ್ಲಿಸುವುದಾಗಿ ಈಗಲೇ ಘೋಷಿಸಲಿ. ಅದಕ್ಕೆ ಯಾವ ಗಣತಿಯೂ ಬೇಡ.