‘ಎರಡೇ ಗುಳಿಗೆ ಕೊಡಿ’

ಐರೋಲಿಯ ಯಾವುದಾದರೂ ‘ಮೆಡಿಕಲ್’ ಮುಂದೆ ಸಂಜೆ ಅರ್ಧ ಗಂಟೆ ನಿಂತರೆ ಎರಡು ಬಗೆಯ ಗಿರಾಕಿಗಳು ಸಿಗುತ್ತಾರೆ. ಒಬ್ಬರು ಐ.ಟಿ. ಪಾರ್ಕಿನ ಉದ್ಯೋಗಿ. ಮಗುವಿನ ಡಾಕ್ಟರು ಬರೆದ ಚೀಟಿಯ ಫೋಟೊವನ್ನು ಮೊಬೈಲಿನಲ್ಲಿ ತೋರಿಸಿ ಪೂರ್ತಿ ಕೋರ್ಸ್ ಕಟ್ಟಿಸಿಕೊಂಡು ಹೋಗುತ್ತಾರೆ. ಇನ್ನೊಬ್ಬರು ಕಲಬುರಗಿ, ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು. ಅರೆಬರೆ ಹಿಂದಿಯಲ್ಲಿ ಜ್ವರ ಎಂದು ಹೇಳಿ, ‘ಎರಡೇ ಗುಳಿಗೆ ಕೊಡಿ’ ಎನ್ನುತ್ತಾರೆ.

ಆಂಟಿಬಯೋಟಿಕ್ ದುರ್ಬಳಕೆಯ ಮಾತು ಬಂದಾಗಲೆಲ್ಲ ಬೆರಳು ಈ ಎರಡನೆಯವರ ಕಡೆಗೇ ಹೋಗುತ್ತದೆ. ಓದಿಲ್ಲ, ತಿಳಿವಳಿಕೆ ಇಲ್ಲ, ಕೋರ್ಸ್ ಮುಗಿಸುವುದಿಲ್ಲ ಎಂಬ ದೂರು. ಅಂಕಿಗಳು ಬೇರೆಯೇ ಕಥೆ ಹೇಳುತ್ತವೆ.

ಭಾರತದ ಖಾಸಗಿ ವಲಯದಲ್ಲಿ ಹೊರರೋಗಿಗಳಿಗೆ ವೈದ್ಯರು ಬರೆದ ಚೀಟಿಗಳನ್ನು 2013–14ರ ಲೆಕ್ಕದಿಂದ ಅಳೆದಾಗ, ವರ್ಷಕ್ಕೆ 1000 ಜನರಿಗೆ 412 ಆಂಟಿಬಯೋಟಿಕ್ ಚೀಟಿಗಳು ಕಂಡವು. ನಾಲ್ಕು ವರ್ಷದವರೆಗಿನ ಮಕ್ಕಳಲ್ಲಿ ಅದು 636. ಅತಿ ದೊಡ್ಡ ಪಾಲು ಶೀತ, ಗಂಟಲುನೋವಿನಂಥ ತೊಂದರೆಗಳಿಗೆ. ಅವುಗಳಲ್ಲಿ ಹೆಚ್ಚಿನವು ವೈರಸ್‌ನಿಂದ ಬರುವಂಥವು, ಈ ಔಷಧಕ್ಕೆ ಜಗ್ಗದಂಥವು. ಚೀಟಿಯಿಲ್ಲದೆ ಎರಡು ಗುಳಿಗೆ ಕೊಂಡ ಕೂಲಿಯವರು ಈ ಲೆಕ್ಕದಲ್ಲಿ ಇಲ್ಲವೇ ಇಲ್ಲ. 412 ಅನ್ನುವುದು ಪೂರ್ತಿಯಾಗಿ ಓದಿದವರು ಬರೆದದ್ದು.

ಅಮೆರಿಕದಲ್ಲಿ 2010–11ರ ಹೊರರೋಗಿ ಲೆಕ್ಕ 1000ಕ್ಕೆ 506. ಅದರಲ್ಲಿ ಬೇಕಾಗಿದ್ದದ್ದು ಸುಮಾರು 353 ಎಂದು ಸಂಶೋಧಕರು ಅಂದಾಜಿಸಿದರು. ಅಂದರೆ ಭಾರತದ ಖಾಸಗಿ ವಲಯ ಎಲ್ಲರಿಗಿಂತ ಹೆಚ್ಚು ಬರೆಯುತ್ತಿದೆ ಎನ್ನುವಂತಿಲ್ಲ. ತೊಂದರೆ ಇರುವುದು ಯಾವುದನ್ನು ನುಂಗುತ್ತಿದೆ ಎಂಬಲ್ಲಿ. 2019ರಲ್ಲಿ ಖಾಸಗಿ ವಲಯದ ಬಳಕೆಯ ಅರ್ಧಕ್ಕಿಂತ ಹೆಚ್ಚು, ವಿಶ್ವ ಆರೋಗ್ಯ ಸಂಸ್ಥೆ ‘ಎಚ್ಚರದಿಂದ ಬಳಸಿ’ ಎಂದು ಬೇರೆ ಇಟ್ಟ ಗುಂಪಿನದು. ಅಜಿಥ್ರೋಮೈಸಿನ್ 500, ಸೆಫಿಕ್ಸಿಮ್ 200 ಮೊದಲೆರಡು ಸ್ಥಾನದಲ್ಲಿದ್ದವು.

ರಾಜ್ಯಗಳ ಹೋಲಿಕೆಯಲ್ಲೂ ಇದೇ ಎಚ್ಚರ ಬೇಕು. ತಲಾ ಬಳಕೆಯಲ್ಲಿ ದೆಹಲಿ ಬಹಳ ಮೇಲೆ, ಮಧ್ಯಪ್ರದೇಶ ಬಹಳ ಕೆಳಗೆ. ಹಾಗೆಂದು ಮಧ್ಯಪ್ರದೇಶವನ್ನು ಶಿಸ್ತಿನ ರಾಜ್ಯವೆಂದು ಹೊಗಳಿದರೆ ತಪ್ಪಾದೀತು. ನ್ಯುಮೋನಿಯಾ ಬಂದ ಕೂಸಿಗೆ ಹೊತ್ತಿಗೆ ಸರಿಯಾಗಿ ಅಮಾಕ್ಸಿಸಿಲಿನ್ ಸಿಗದಿದ್ದರೂ ತಲಾ ಬಳಕೆ ಕಡಿಮೆಯೇ ಆಗುತ್ತದೆ. ಐರೋಲಿಯಲ್ಲಂತೂ ಹೆಚ್ಚು ಬಳಕೆಯೂ ಕೊರತೆಯೂ ಒಂದೇ ಕೌಂಟರಿನ ಮುಂದೆ ನಿಲ್ಲುತ್ತವೆ. ಸರಾಸರಿ ತೆಗೆದರೆ ಎರಡೂ ಮಾಯ.

ಅಂಗಡಿಗಳನ್ನು ಬಿಗಿಹಿಡಿದರೆ ಸಾಕು ಎನ್ನುವವರಿದ್ದಾರೆ. ಬಿಗಿ ಬೇಕು, ನಿಜ. 2014ರ ಮಾರ್ಚ್‌ನಲ್ಲಿ ಜಾರಿಗೆ ಬಂದ ‘ಎಚ್1’ ನಿಯಮದಂತೆ, ಪಟ್ಟಿಯಲ್ಲಿರುವ ಔಷಧ ಮಾರುವಾಗ ರೋಗಿಯ ಮತ್ತು ವೈದ್ಯರ ಹೆಸರನ್ನು ಪುಸ್ತಕದಲ್ಲಿ ಬರೆದು ಮೂರು ವರ್ಷ ಇಡಬೇಕು. ಸೆಫಿಕ್ಸಿಮ್ ಆ ಪಟ್ಟಿಯಲ್ಲಿತ್ತು, ಅಜಿಥ್ರೋಮೈಸಿನ್ ಇರಲಿಲ್ಲ. 2018ರಲ್ಲೇ ಕ್ರಿಯಾ ಯೋಜನೆ ರೂಪಿಸಿದ್ದ ಕೇರಳ, 2024ರ ಜನವರಿಯಲ್ಲಿ ‘ಆಪರೇಷನ್ ಅಮೃತ್’ ಹೆಸರಿನಲ್ಲಿ ಚೀಟಿಯಿಲ್ಲದ ಮಾರಾಟದ ಮೇಲೆ ದಾಳಿ ಶುರುಮಾಡಿತು. ಆದರೆ ಅಂಗಡಿಯ ಬಾಗಿಲು ಮುಚ್ಚಿದಾಗ ಕೂಲಿಯವರು ಹೋಗುವುದೆಲ್ಲಿಗೆ? ಸರಕಾರಿ ಹೊರರೋಗಿ ವಿಭಾಗದ ಹೊತ್ತು ಹೆಚ್ಚಾಗಿ ಕೂಲಿಯ ಹೊತ್ತೇ. ಡಾಕ್ಟರನ್ನು ಕಾಣಲು ಒಂದು ದಿನದ ಪಗಾರ ಬಿಡಬೇಕು. ‘ಎರಡೇ ಗುಳಿಗೆ’ ಎಂಬುದು ಅಜ್ಞಾನವಲ್ಲ, ಲೆಕ್ಕಾಚಾರ.

ಮುಂಬೈಯಲ್ಲಿ 2022ರಲ್ಲಿ ಆರಂಭವಾದ ‘ಆಪ್ಲಾ ದವಾಖಾನಾ’ಗಳನ್ನು ರಾತ್ರಿ 10ರವರೆಗೆ ತೆರೆದಿಡಲು ಹೊರಟದ್ದು ಈ ಲೆಕ್ಕಾಚಾರ ಅರ್ಥವಾದದ್ದರಿಂದಲೇ ಇರಬೇಕು. ಐರೋಲಿ, ದಿಘೆಯಂಥ ಕಡೆ ಸಂಜೆ ತೆರೆದಿರುವ ಸರಕಾರಿ ದವಾಖಾನೆ, ಅಲ್ಲಿ ಕನ್ನಡವೋ ತೆಲುಗೋ ಬಲ್ಲ ಒಬ್ಬ ಸಿಬ್ಬಂದಿ ಇದ್ದರೆ ಅದು ಹತ್ತು ಜಾಗೃತಿ ಫಲಕಗಳಿಗೆ ಸಮ. 2016ರಿಂದ ಸ್ಟ್ರಿಪ್ಪುಗಳ ಮೇಲಿನ ಕೆಂಪು ಗೆರೆಯ ಬಗ್ಗೆ ಪ್ರಚಾರ ನಡೆದಿದೆ. ಆ ಗೆರೆಯ ಅರ್ಥವನ್ನು ಗಿರಾಕಿಯ ಭಾಷೆಯಲ್ಲಿ ಯಾರಾದರೂ ಬಾಯಿಬಿಟ್ಟು ಹೇಳಬೇಕಷ್ಟೆ.

ಮೊದಲನೆಯ ಗಿರಾಕಿಗೆ ಬೇಕಾದದ್ದು ಬೇರೆ: ‘ಇದು ವೈರಲ್, ಮೂರು ದಿನ ನೋಡೋಣ’ ಎಂದು ಹೇಳುವ ಧೈರ್ಯವಿರುವ ಡಾಕ್ಟರು, ಕೇಳಿಸಿಕೊಳ್ಳುವ ತಾಳ್ಮೆಯಿರುವ ತಂದೆತಾಯಿ. ನಿಯಮದ ಕಣ್ಣು ಮಾರುವ ಕೈಯನ್ನು ಮಾತ್ರ ನೋಡಿದರೆ ಸಾಲದು. ಬರೆಯುವ ಕೈಯನ್ನೂ ನೋಡಬೇಕು.