ಕೋಚ್ ಇಲ್ಲದ ಮೈದಾನ

2015ರ ಸೆಪ್ಟೆಂಬರ್ 19ರಂದು ಇಂಗ್ಲೆಂಡಿನ ಬ್ರೈಟನ್‌ನಲ್ಲಿ ರಗ್ಬಿ ವಿಶ್ವಕಪ್ ಪಂದ್ಯ. ಒಂದು ಕಡೆ ಎರಡು ಸಲ ಕಪ್ ಗೆದ್ದ ದಕ್ಷಿಣ ಆಫ್ರಿಕಾ. ಇನ್ನೊಂದು ಕಡೆ ಜಪಾನ್. ವಿಶ್ವಕಪ್‌ನಲ್ಲಿ ಅದು ಅಲ್ಲಿಯವರೆಗೆ ಗೆದ್ದದ್ದು ಒಂದೇ ಪಂದ್ಯ, ಅದೂ 1991ರಲ್ಲಿ, ಜಿಂಬಾಬ್ವೆ ಮೇಲೆ. ಆಟ ಮುಗಿಯುವ ಹೊತ್ತಿಗೆ ಜಪಾನ್ 29–32ರಿಂದ ಹಿಂದಿತ್ತು. ಪೆನಾಲ್ಟಿ ಸಿಕ್ಕಿತು. ಚೆಂಡನ್ನು ಕಂಬಗಳ ನಡುವೆ ಒದ್ದರೆ ಮೂರು ಅಂಕ, ಪಂದ್ಯ ಸಮ. ಕೋಚ್ ಎಡ್ಡಿ ಜೋನ್ಸ್ ಬಯಸಿದ್ದೂ ಅದನ್ನೇ. ನಾಯಕ ಮೈಕಲ್ ಲೀಚ್ ಮಾತ್ರ ಸ್ಕ್ರಮ್ ಕೇಳಿದರು, ಅಂದರೆ ಎರಡೂ ಕಡೆಯವರು ಬಾಗಿ ಹೆಣೆದುಕೊಂಡು ಚೆಂಡಿಗಾಗಿ ತಳ್ಳಾಡುವ ಪಟ್ಟು. ಚೆಂಡು ಕೈಯಿಂದ ಕೈಗೆ ದಾಟುತ್ತ ಎಡಮೂಲೆ ಸೇರಿತು, ಬದಲಿ ಆಟಗಾರ ಕಾರ್ನೆ ಹೆಸ್ಕೆತ್ ಗೆರೆಯಾಚೆ ಅದನ್ನು ನೆಲಕ್ಕೊತ್ತಿ ಐದು ಅಂಕದ ಟ್ರೈ ಗಳಿಸಿದರು. ಜಪಾನ್ 34–32ರಿಂದ ಗೆದ್ದಿತು.

ಇದನ್ನು ಎದೆಗಾರಿಕೆ ಎಂದು ಹೊಗಳಿ ಸುಮ್ಮನಾಗಬಹುದು. ಆದರೆ ರಗ್ಬಿಯ ಸ್ವಭಾವವೇ ಹಾಗೆ. ಕೋಚ್ ಗ್ಯಾಲರಿಯಲ್ಲಿ ಕೂತಿರುತ್ತಾರೆ, ತೀರ್ಮಾನ ಮೈದಾನದಲ್ಲಿರುವ ಹದಿನೈದು ಜನರದು. ಕೈಯಲ್ಲಿದ್ದ ಚೆಂಡನ್ನು ಮುಂದಕ್ಕೆ ಎಸೆಯುವಂತಿಲ್ಲ. ಪಕ್ಕಕ್ಕೋ ಹಿಂದಕ್ಕೋ ಕೊಡಬೇಕು. ಎದುರಾಳಿಯತ್ತ ನುಗ್ಗುವವನ ನೆರವಿಗೆ ಬರುವವರು ಅವನ ಬೆನ್ನ ಹಿಂದಿರುತ್ತಾರೆ, ಕಣ್ಣಿಗೆ ಬೀಳುವುದಿಲ್ಲ. ಅವರು ಬಾಯಿಬಿಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಹಿಂದಿನಿಂದ ‘ಖೋ’ ಕೇಳದೆ ಏಳುವಂತಿಲ್ಲದ ನಮ್ಮ ಖೋ ಖೋ ಆಟಗಾರರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಾಗಾಗಿ ಒಳ್ಳೆಯ ಕೋಚ್‌ಗಳು ಮಾತನ್ನೂ ಯೋಚನೆಯನ್ನೂ ಆಟವಾಡಿಸಿಯೇ ಕಲಿಸುತ್ತಾರೆ. ಕಿರಿದಾದ ಅಂಕಣದಲ್ಲಿ ದಾಳಿಗೆ ನಾಲ್ವರು, ತಡೆಯಲು ಮೂವರು. ಮುಟ್ಟಿದರೆ ಟ್ಯಾಕಲ್, ಅಂದರೆ ಹಿಡಿದು ಕೆಡವಿದಂತೆ. ಮೊದಲ ಸುತ್ತಿನಲ್ಲಿ ಯಾರೂ ಬಾಯಿ ತೆರೆಯಕೂಡದು. ಚೆಂಡು ಉದುರುತ್ತದೆ, ಇಬ್ಬರು ಒಂದೇ ಜಾಗಕ್ಕೆ ಓಡುತ್ತಾರೆ. ಮುಂದಿನ ಸುತ್ತಿನಲ್ಲಿ ಮಾತಿಗೆ ಅಪ್ಪಣೆ. ಆಗ ಎಲ್ಲರೂ ‘ಕೊಡು, ಕೊಡು’ ಎಂದು ಅರಚುತ್ತಾರೆ, ಅದರಿಂದಲೂ ಪ್ರಯೋಜನವಿಲ್ಲ. ‘ಬಲಕ್ಕೆ ಇಬ್ಬರಿದ್ದೇವೆ’, ‘ತಡಿ’, ‘ಈಗ’ ಎಂಬಂಥ ಚುಟುಕು ಮಾತಿಗಷ್ಟೇ ಬೆಲೆ ಎಂಬುದು ಆಡುತ್ತಾಡುತ್ತಲೇ ಹೊಳೆಯುತ್ತದೆ.

ಅಷ್ಟರಲ್ಲಿ ಕೋಚ್ ತಡೆಯುವವರ ಕಿವಿಯಲ್ಲಿ ಗುಟ್ಟಾಗಿ ಹೊಸ ಸೂಚನೆ ಊದುತ್ತಾರೆ: ಹೊರಬದಿಯವನು ಮುಂದೆ ನುಗ್ಗಿ ದಾರಿ ಮುಚ್ಚಲಿ. ದಾಳಿಯವರ ಹಳೆಯ ಉಪಾಯ ಕೆಡುತ್ತದೆ. ಒಂದು ನಿಮಿಷ ಗುಂಪುಗೂಡಲು ಬಿಡುವು. ‘ಏನು ಕಂಡಿರಿ? ಜಾಗ ಎಲ್ಲಿ ತೆರೆಯಿತು?’ ಎಂದು ಕೇಳುವುದಷ್ಟೇ ಕೋಚ್ ಕೆಲಸ. ಚೆಂಡನ್ನು ಒಳಬದಿಗೆ ತಿರುಗಿಸುವುದೋ, ನುಗ್ಗಿದವನ ತಲೆಯ ಮೇಲಿಂದ ಮೆಲ್ಲಗೆ ಒದೆಯುವುದೋ, ಉತ್ತರ ಅವರೇ ಹುಡುಕಬೇಕು.

ಆಟದ ಮೂಲಕವೇ ಕಲಿಸುವ ಈ ಚಿಂತನೆಗೆ ರೂಪ ಕೊಟ್ಟವರು ಇಂಗ್ಲೆಂಡಿನ ಲಫ್‌ಬರೋ ವಿಶ್ವವಿದ್ಯಾಲಯದ ಅಧ್ಯಾಪಕರಾದ ಡೇವಿಡ್ ಬಂಕರ್ ಮತ್ತು ರಾಡ್ ಥಾರ್ಪ್, 1982ರಲ್ಲಿ. ಮಕ್ಕಳಿಗೆ ಪಟ್ಟುಗಳು ಬರುತ್ತವೆ, ಯಾವುದನ್ನು ಯಾವಾಗ ಬಳಸಬೇಕೆಂಬುದು ಬರುವುದಿಲ್ಲ ಎಂಬುದು ಅವರ ಆಕ್ಷೇಪವಾಗಿತ್ತು. ಆಸ್ಟ್ರೇಲಿಯಾದಲ್ಲಿ ಇದು ‘ಗೇಮ್ ಸೆನ್ಸ್’ ಎಂದು ಬೆಳೆಯಿತು. ನ್ಯೂಜಿಲೆಂಡ್‌ನ ಕೋಚ್ ವೇಯ್ನ್ ಸ್ಮಿತ್ ಇದನ್ನು ತಮ್ಮ ದೇಶದ ಪುರುಷರ ತಂಡವಾದ ಆಲ್ ಬ್ಲ್ಯಾಕ್ಸ್ ತಾಲೀಮಿಗೆ ತಂದರು. ಅದೇ ತಂಡದ ಆಗಿನ ಮುಖ್ಯ ಕೋಚ್ ಗ್ರಹಾಂ ಹೆನ್ರಿಯವರನ್ನು ನಾಯಕ ತಾನಾ ಉಮಾಗಾ ಒಮ್ಮೆ ಕೇಳಿದರು: ಪಂದ್ಯಕ್ಕೆ ಮುಂಚಿನ ಭಾಷಣ ನಮಗಾಗಿಯೋ, ನಿಮಗಾಗಿಯೋ? ಹೆನ್ರಿ ಭಾಷಣ ನಿಲ್ಲಿಸಿದರು. 2011ರಲ್ಲಿ ಅವರ ತಂಡ ಫ್ರಾನ್ಸನ್ನು 8–7ರಿಂದ ಮಣಿಸಿ ವಿಶ್ವಕಪ್ ಗೆದ್ದಿತು. 2022ರಲ್ಲಿ ಸ್ಮಿತ್ ತರಬೇತಿಯ ನ್ಯೂಜಿಲೆಂಡ್ ಮಹಿಳಾ ತಂಡ ಇಂಗ್ಲೆಂಡನ್ನು 34–31ರಿಂದ ಸೋಲಿಸಿ ಕಪ್ ಎತ್ತಿತು.

ಎಲ್ಲವನ್ನೂ ಹೀಗೆ ಕಲಿಸಲಾಗದು, ನಿಜ. ಟ್ಯಾಕಲ್ ಮಾಡುವಾಗ ತಲೆ ಎಲ್ಲಿರಬೇಕು, ಸ್ಕ್ರಮ್‌ನಲ್ಲಿ ಬೆನ್ನು ಹೇಗಿರಬೇಕು ಎಂಬುದನ್ನು ‘ನೀವೇ ಕಂಡುಕೊಳ್ಳಿ’ ಎಂದು ಬಿಟ್ಟರೆ ಕತ್ತಿಗೇ ಕುತ್ತು. ಅಲ್ಲಿ ಹೇಳಿಕೊಡಬೇಕು, ತಿದ್ದಬೇಕು, ಮತ್ತೆ ಮತ್ತೆ ಮಾಡಿಸಬೇಕು. ಹೇಳಬೇಕಾದ್ದು ಯಾವುದು, ಕೇಳಬೇಕಾದ್ದು ಯಾವುದು ಎಂಬ ವಿವೇಕವೇ ಗುರುವಿನ ಹೆಚ್ಚುಗಾರಿಕೆ. ಇಂಥ ತಾಲೀಮು ನೋಡುವವರಿಗೆ ಗದ್ದಲದಂತೆ ಕಾಣುತ್ತದೆ, ಫಲವೂ ತಡವಾಗಿ ಬರುತ್ತದೆ. ಆದರೂ ಸೀಟಿಗೆ ಸಾಲುಗಟ್ಟಿ ನಿಲ್ಲುವುದನ್ನೇ ಶಿಸ್ತೆನ್ನುವ ನಮ್ಮ ದೈಹಿಕ ಶಿಕ್ಷಣದ ಮೇಷ್ಟ್ರುಗಳು ವಾರದ ಒಂದು ಪೀರಿಯಡ್ಡನ್ನಾದರೂ ಇದಕ್ಕೆ ಕೊಟ್ಟು ನೋಡಲಿ. ಚೆಂಡು ಯಾವುದಾದರೂ ಆದೀತು. ಪ್ರಶ್ನೆ ಕೇಳಿದ ಮೇಲೆ ಮಕ್ಕಳ ಉತ್ತರಕ್ಕೆ ಕಾಯುವ ತಾಳ್ಮೆ ಇದ್ದರಾಯಿತು.