ಹದಿನೆಂಟರಲ್ಲೇ ತೀರ್ಪು

ಐಸ್ ಹಾಕಿ ಅಭಿಮಾನಿಗಳಿಗೆ ಹದಿನೆಂಟರ ಹುಡುಗರನ್ನು ತೂಗಿ ನೋಡುವ ಚಟ. ಸ್ಕೇಟಿಂಗ್ ಹೇಗೆ, ಹೊಡೆತದಲ್ಲಿ ಬಿರುಸಿದೆಯೇ, ಮೈಕಟ್ಟು ಸಾಕೇ? ಹೆಣ್ಣು ನೋಡಲು ಬಂದವರೂ ಇಷ್ಟು ಕೇಳಲಾರರು!

2012ರಲ್ಲಿ ಎನ್‌ಎಚ್‌ಎಲ್ ಲೀಗ್‌ನ ತಂಡಗಳು ಹೊಸಬರನ್ನು ಆರಿಸಿಕೊಂಡಾಗ ಮೊದಲ ಹೆಸರು ತಾತಾರಸ್ತಾನದ ನೈಲ್ ಯಾಕುಪೋವ್‌ರದು. ಎಡ್ಮಂಟನ್‌ನಲ್ಲಿ ಸಂಭ್ರಮವೋ ಸಂಭ್ರಮ. ಆರೇ ವರ್ಷಗಳಲ್ಲಿ ಅವರು ರಷ್ಯಾಕ್ಕೆ ಮರಳಿದರು.

2009ರಲ್ಲಿ ಏಳನೆಯವರಾಗಿ ಟೊರೊಂಟೊ ಸೇರಿದವರು ಲೆಬನಾನ್ ಮೂಲದ ನಾಝೆಮ್ ಕದ್ರಿ. ಕೌಶಲವಿತ್ತು, ಸಿಟ್ಟೂ ಇತ್ತು. ಪದೇ ಪದೇ ಅಮಾನತು. 2019ರಲ್ಲಿ ತಂಡ ಅವರನ್ನು ಕೊಲರಾಡೊಗೆ ಬಿಟ್ಟುಕೊಟ್ಟಿತು. ಸಿಟ್ಟನ್ನು ಅಳೆದವರು ಛಲವನ್ನು ಅಳೆದಿರಲಿಲ್ಲವೇನೋ. 2022ರಲ್ಲಿ ಹೆಬ್ಬೆರಳಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡೇ ಫೈನಲ್‌ಗೆ ಮರಳಿ, ನಾಲ್ಕನೆಯ ಪಂದ್ಯದ ಹೆಚ್ಚುವರಿ ಸಮಯದಲ್ಲಿ ಗೆಲುವಿನ ಗೋಲು ಹೊಡೆದರು. ಗೆದ್ದ ಸ್ಟ್ಯಾನ್ಲಿ ಕಪ್ಪನ್ನು ಕೆನಡಾದ ತಮ್ಮೂರು ಲಂಡನ್‌ನ ಮಸೀದಿಗೂ ಕೊಂಡೊಯ್ದರು.